ಕಡತ ಕುಗ್ಗಿಸಲು ನ್ಯೂರಲ್ ನೆಟ್‌ವರ್ಕ್ ಬೇಕೇ, ಎಕ್ಸ್‌ಝಡ್ ಸಾಕೇ?

ಕನ್ನಡ ಪಠ್ಯ, ಸ್ಕ್ಯಾನ್ ಮಾಡಿದ ಪುಟ, ಹಳ್ಳಿಗಳಲ್ಲಿ ರೆಕಾರ್ಡ್ ಮಾಡಿಕೊಂಡ ಹಾಡು-ಕಥೆಗಳನ್ನು ಕೂಡಿಡುತ್ತಿರುವವರ ಮುಂದೆ ಈಗ ಹೊಸದೊಂದು ಗೊಂದಲವಿದೆ. ಉದಾಹರಣೆಗಳಿಂದ ಕಲಿಯುವ ನ್ಯೂರಲ್ ನೆಟ್‌ವರ್ಕ್ ಬಳಸಿದರೆ, ಹಳೆಯ ಸಾಧನ ಜಿಜಿಪ್ ಕುಗ್ಗಿಸಿ ಕೊಡುವ ಗಾತ್ರದ ಮೂರನೇ ಒಂದು ಪಾಲಿಗೆ ಕಡತವನ್ನು ಇಳಿಸಬಹುದು ಎಂದು ಓದಿರುತ್ತಾರೆ. ಅದು ಸುಳ್ಳಲ್ಲ. ಆದರೆ ಆ ಅಂಕಿ ಯಾವ ಕಡತದ ಮೇಲೆ ಬಂತು, ಎಷ್ಟು ದಿನ ಹಿಡಿಯಿತು, ಮತ್ತೆ ಬಿಚ್ಚಲು ಏನೇನು ಬೇಕು ಎಂಬುದನ್ನು ಯಾರೂ ಜೊತೆಗೆ ಹೇಳುವುದಿಲ್ಲ. ಕುಗ್ಗಿಸುವುದು ಒಮ್ಮೆಯ ಕೆಲಸ, ಬಿಚ್ಚುವುದು ಹಲವರ ಕೆಲಸ. ನ್ಯೂರಲ್ ಸಾಧನಗಳು ಕಡತದಿಂದ ಇಳಿಸಿದ ಭಾರವನ್ನು ಬಿಚ್ಚುವವರ ಹೆಗಲಿಗೆ ಹೊರಿಸುತ್ತವೆ. ಆ ಹೆಗಲು ಯಾರದು ಎಂದು ಮೊದಲು ಗೊತ್ತುಮಾಡಿಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ಮೊದಲು ಅಳತೆಗೋಲು

ಬಿಚ್ಚುವವರ ಯಂತ್ರ ಯಾವುದು? ಗ್ರಂಥಾಲಯದ ಹಳೆಯ 4 ಜಿಬಿ ಮೆಮೊರಿಯ ಕಂಪ್ಯೂಟರೋ, ವಿದ್ಯಾರ್ಥಿಯ ಫೋನೋ, ಗ್ರಾಫಿಕ್ಸ್ ಕಾರ್ಡ್ ಇರುವ ಸರ್ವರೋ? ಎಷ್ಟು ಸಲ ಬಿಚ್ಚುತ್ತಾರೆ? ವರ್ಷಕ್ಕೊಮ್ಮೆ ತೆರೆಯುವ ಬ್ಯಾಕಪ್‌ಗೂ ದಿನಕ್ಕೆ ಸಾವಿರ ಸಲ ಹೋಗುವ ಜಾಲಪುಟಕ್ಕೂ ಒಂದೇ ಉತ್ತರ ಹೊಂದುವುದಿಲ್ಲ. ಕಡತದ ಜೊತೆಗೆ ಇನ್ನೇನು ಉಳಿಸಿಡಬೇಕು ಎಂಬುದು ಮೂರನೆಯದು. ತರಬೇತಿಗೊಂಡ ಮಾದರಿ (ನೆಟ್‌ವರ್ಕ್ ಕಲಿತದ್ದೆಲ್ಲ ಇರುವ ಕಡತ), ನಿಘಂಟು (ಪದೇ ಪದೇ ಬರುವ ತುಣುಕುಗಳ ಪಟ್ಟಿ), ನಿರ್ದಿಷ್ಟ ಆವೃತ್ತಿಯ ತಂತ್ರಾಂಶ ಎಲ್ಲವೂ ಗಾತ್ರದ ಲೆಕ್ಕಕ್ಕೇ ಸೇರಬೇಕು. ಒಂದು ಬೈಟ್ ಕೆಟ್ಟರೆ ಎಷ್ಟು ಹಾಳಾಗುತ್ತದೆ ಎಂಬುದು ನಾಲ್ಕನೆಯದು. ಕೊನೆಯದು ಎಲ್ಲಕ್ಕಿಂತ ಮುಖ್ಯ: ಮರಳಿ ಬರುವುದು ಅಕ್ಷರ ಅಕ್ಷರವೂ ಮೂಲವೇ, ಅಥವಾ ಮೂಲದಂತೆ ಕಾಣುವ ಇನ್ನೊಂದೇ?

ಯಂತ್ರ ಊಹಿಸುತ್ತದೆ ಎಂದರೆ ಏನು

ಕುಗ್ಗಿಸುವ ನ್ಯೂರಲ್ ನೆಟ್‌ವರ್ಕ್ ಕಡತವನ್ನು ನೇರವಾಗಿ ಕುಗ್ಗಿಸುವುದಿಲ್ಲ, ಮುಂದಿನ ಅಕ್ಷರ ಯಾವುದೆಂದು ಊಹಿಸುತ್ತದೆ. ಆ ಊಹೆಯ ಸಂಭವನೀಯತೆಯನ್ನು ಅರಿತ್‌ಮೆಟಿಕ್ ಕೋಡಿಂಗ್ ಎಂಬ ಹಳೆಯ ವಿಧಾನ ಬಿಟ್‌ಗಳಾಗಿ ಬದಲಿಸುತ್ತದೆ. 99 ಪ್ರತಿಶತ ಖಚಿತವಾಗಿ ಊಹಿಸಿದ್ದು ನಿಜವಾದರೆ ಖರ್ಚು 0.0145 ಬಿಟ್, 50 ಪ್ರತಿಶತವಾದರೆ 1 ಬಿಟ್, 1 ಪ್ರತಿಶತ ಮಾತ್ರ ನಂಬಿದ್ದು ಬಂದರೆ 6.6 ಬಿಟ್. 'ಬೆಂಗಳೂರಿನಲ್' ಎಂಬಷ್ಟು ಬಂದ ಮೇಲೆ ಮುಂದೆ 'ಲಿ' ಎಂದು ಕನ್ನಡ ಬಲ್ಲ ಯಾರಾದರೂ ಹೇಳುತ್ತಾರೆ. ಹಾಗೆ ಹೇಳಬಲ್ಲ ಮಾದರಿಗೆ ಆ ಅಕ್ಷರ ಬಹುತೇಕ ಪುಕ್ಕಟೆ.

ಬಿಚ್ಚುವಾಗಲೂ ಅದೇ ನೆಟ್‌ವರ್ಕ್ ಅದೇ ಊಹೆಗಳನ್ನು ಅದೇ ಕ್ರಮದಲ್ಲಿ ಮಾಡಬೇಕು. ಅದಕ್ಕಾಗಿಯೇ ಕುಗ್ಗಿಸಲು ಒಂದು ವಾರ ಹಿಡಿದರೆ ಬಿಚ್ಚಲೂ ಒಂದು ವಾರ. ನೆಟ್‌ವರ್ಕ್ ಬಳಸದ ಜಿಜಿಪ್, ಎಕ್ಸ್‌ಝಡ್‌ನಂಥ ಸಾಧನಗಳಲ್ಲಿ ಹೀಗಿಲ್ಲ: ಹಿಂದೆ ಬಂದ ಪದ ಎಲ್ಲಿತ್ತು ಎಂದು ಹುಡುಕುವ ಶ್ರಮವೆಲ್ಲ ಕುಗ್ಗಿಸುವಾಗ ಮುಗಿದಿರುತ್ತದೆ, ಬಿಚ್ಚುವಾಗ ನಕಲು ಮಾಡಿದರಾಯಿತು.

ಇಲ್ಲೊಂದು ಸೂಕ್ಷ್ಮ ಅಪಾಯವಿದೆ. ದಶಮಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಕಂಪ್ಯೂಟರಿನಲ್ಲಿ ಮೊತ್ತದ ಕೊನೆಯ ಅಂಕಿ ಬದಲಾಗಬಹುದು. ಒಂದು ಗ್ರಾಫಿಕ್ಸ್ ಕಾರ್ಡಿನಲ್ಲಿ ಕುಗ್ಗಿಸಿ ಇನ್ನೊಂದರಲ್ಲಿ ಬಿಚ್ಚಿದಾಗ ಊಹೆ ಒಂದು ಕೂದಲೆಳೆಯಷ್ಟು ಬೇರೆಯಾದರೂ ಸಾಕು, ಆ ಅಕ್ಷರ ತಪ್ಪಬಹುದು. ತಪ್ಪಿದ ಅಕ್ಷರದ ಮೇಲೆ ಮುಂದಿನ ಊಹೆ ನಿಲ್ಲುವುದರಿಂದ ಅಲ್ಲಿಂದಾಚೆಗಿನ ಕಡತವೆಲ್ಲ ಕಸ. ಸ್ವಂತ ಪ್ರಯೋಗಕ್ಕೆ ಪೈಟಾರ್ಚ್ ಎಂಬ ನ್ಯೂರಲ್ ನೆಟ್‌ವರ್ಕ್ ಲೈಬ್ರರಿಯಲ್ಲಿ ಕುಗ್ಗಿಸುವ ಸಾಧನ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ತಮ್ಮ ಯಂತ್ರದಲ್ಲಿ ಸರಿಯಾಗಿ ಬಿಚ್ಚಿಕೊಂಡದ್ದು ಪಕ್ಕದ ಯಂತ್ರದಲ್ಲಿ ಬಿಚ್ಚಿಕೊಳ್ಳುವುದಿಲ್ಲ. ಪೂರ್ಣಾಂಕ ಲೆಕ್ಕ ಬಳಸುವುದು, ಇಲ್ಲವೇ ಕೂಡುವ ಕ್ರಮವನ್ನು ಗಟ್ಟಿಯಾಗಿ ನಿಗದಿ ಮಾಡುವುದು ಇದಕ್ಕೆ ಪರಿಹಾರ.

ಹಳಬರ ಸಾಲು

ಹೋಲಿಕೆಗೆ ಎಲ್ಲರೂ ಬಳಸುವ ಕಡತ ಎನ್‌ವಿಕ್9. ಅದು ಇಂಗ್ಲಿಷ್ ವಿಕಿಪೀಡಿಯದ ಮೊದಲ 100 ಕೋಟಿ ಬೈಟ್. ನಮಗೆ ಇದು ಅನುಕೂಲ: ಎಷ್ಟು ಕೋಟಿಗೆ ಇಳಿಯಿತೋ ಅಷ್ಟೇ ಪ್ರತಿಶತ.

1992ರಿಂದ ಇರುವ ಜಿಜಿಪ್ ಗರಿಷ್ಠ ಮಟ್ಟದಲ್ಲಿ ಅದನ್ನು ಸುಮಾರು 32.3 ಕೋಟಿಗೆ ಇಳಿಸುತ್ತದೆ. ಬಿಝಿಪ್2 25.4 ಕೋಟಿ. ಬ್ರಾಟ್ಲಿ 22.4, ಝಡ್‌ಸ್ಟ್ಯಾಂಡರ್ಡ್ ತನ್ನ ಕೊನೆಯ 22ನೇ ಮಟ್ಟದಲ್ಲಿ 21.5ರ ಆಸುಪಾಸು, ಎಕ್ಸ್‌ಝಡ್ ಸುಮಾರು 21.3. ಕೊನೆಯ ಮೂರರ ನಡುವೆ ಗಾತ್ರದಲ್ಲಿ ಹೆಚ್ಚು ಅಂತರವಿಲ್ಲ. ವ್ಯತ್ಯಾಸವಿರುವುದು ಬಿಚ್ಚುವ ವೇಗದಲ್ಲಿ. ಎಕ್ಸ್‌ಝಡ್ ಸೆಕೆಂಡಿಗೆ ಕೆಲವು ಹತ್ತು ಎಂಬಿ ಬಿಚ್ಚುವಾಗ ಝಡ್‌ಸ್ಟ್ಯಾಂಡರ್ಡ್ ನೂರಾರು ಎಂಬಿ ಬಿಚ್ಚುತ್ತದೆ, ಅದೂ ಯಾವ ಮಟ್ಟದಲ್ಲಿ ಕುಗ್ಗಿಸಿದ್ದರೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ.

ಮೆಮೊರಿಯನ್ನೂ ನೋಡಿ. ಎಕ್ಸ್‌ಝಡ್ 9ನೇ ಮಟ್ಟದಲ್ಲಿ ಕುಗ್ಗಿಸಲು 674 ಎಂಬಿ ಬೇಡುತ್ತದೆ, ಬಿಚ್ಚಲು 65 ಎಂಬಿ ಸಾಕು. 6ನೇ ಮಟ್ಟದಲ್ಲಿ ಇವು 94 ಮತ್ತು 9. ಝಡ್‌ಸ್ಟ್ಯಾಂಡರ್ಡ್‌ನ ಲಾಂಗ್ ಆಯ್ಕೆಯನ್ನು 27ಕ್ಕೆ ಇಟ್ಟರೆ 128 ಎಂಬಿ ಹಿಂದಿನ ಪದವನ್ನೂ ಹುಡುಕುತ್ತದೆ, ಬಿಚ್ಚುವವರು ಏನೂ ಹೆಚ್ಚುವರಿ ಹೇಳಬೇಕಿಲ್ಲ. 27 ದಾಟಿಸಿದರೆ ಬಿಚ್ಚುವವರೂ ಅದೇ ಆಯ್ಕೆ ಕೊಡಬೇಕು, ಇಲ್ಲವಾದರೆ ಮೆಮೊರಿ ಸಾಲದೆಂಬ ದೋಷಸಂದೇಶ ಬರುತ್ತದೆ. ಕಡತ ಕೆಟ್ಟಿದೆ ಎಂದುಕೊಂಡು ಹಲವರು ಇಲ್ಲೇ ಕೈಬಿಡುತ್ತಾರೆ.

ಒಂದೊಂದೂ ಕೆಲವೇ ಕೆಬಿ ಇರುವ ಸಾವಿರಾರು ತುಣುಕುಗಳಿದ್ದರೆ (ನಿಘಂಟಿನ ನಮೂದು, ಒಂದೊಂದು ವಚನ, ಗ್ರಂಥಸೂಚಿಯ ದಾಖಲೆ) ಝಡ್‌ಸ್ಟ್ಯಾಂಡರ್ಡ್‌ಗೆ ತರಬೇತಿ ಕೊಟ್ಟ ನಿಘಂಟು ಒದಗಿಸುವುದು ಬಹಳ ಒಳ್ಳೆಯ ದಾರಿ. ಸಣ್ಣ ತುಣುಕಿನಲ್ಲಿ ಹಿಂದೆ ನೋಡಲು ಏನೂ ಇರುವುದಿಲ್ಲವಲ್ಲ, ಆ ಕೊರತೆಯನ್ನು ನಿಘಂಟು ತುಂಬುತ್ತದೆ. ನಿಘಂಟಿನ ಗಾತ್ರ ಸುಮಾರು 110 ಕೆಬಿ; ತರಬೇತಿಗೆ ಅದರ ನೂರು ಪಟ್ಟು, ಅಂದರೆ 11 ಎಂಬಿಯಷ್ಟು ಮಾದರಿ ಪಠ್ಯ ಕೊಡಿ. ಆ ನಿಘಂಟು ಕಳೆದುಹೋದರೆ ಒಂದು ತುಣುಕೂ ಬಿಚ್ಚಿಕೊಳ್ಳುವುದಿಲ್ಲ, ಆದ್ದರಿಂದ ಮೂರು ಕಡೆ ಪ್ರತಿ ಇಡಿ.

ಕನ್ನಡಕ್ಕೆ ಬೇರೆಯದೇ ಲೆಕ್ಕ

ಮೇಲಿನ ಅಂಕಿಗಳೆಲ್ಲ ಇಂಗ್ಲಿಷಿನವು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. 'ಕನ್ನಡ' ಎಂಬ ಪದ ಕ, ನ, ಹಲಂತ, ನ, ಡ ಎಂದು 5 ಸಂಕೇತ, 15 ಬೈಟ್. ಆ ಮೂರರಲ್ಲಿ ಮೊದಲ ಬೈಟ್ ಯಾವಾಗಲೂ ಒಂದೇ. ಎರಡನೆಯದು ಎರಡರಲ್ಲಿ ಒಂದು: ಸ್ವರ, ವ್ಯಂಜನ, ಆಕಾರದ ಇಳಿ ಮತ್ತು ಇಕಾರದ ಗುಡಿಸು ಒಂದು ಗುಂಪು, ಉಳಿದ ಗುಣಿತ ಚಿಹ್ನೆಗಳು, ಹಲಂತ, ಅಂಕಿಗಳು ಇನ್ನೊಂದು. ನಿಜವಾದ ಮಾಹಿತಿಯ ಬಹುಪಾಲು ಇರುವುದು ಮೂರನೇ ಬೈಟಿನಲ್ಲಿ. ಹೀಗಾಗಿ ಯಾವ ಸಾಧನ ಹಾಕಿದರೂ ಕನ್ನಡ ಪಠ್ಯ ಇಂಗ್ಲಿಷಿಗಿಂತ ಚೆನ್ನಾಗಿ ಕುಗ್ಗಿದಂತೆ ಕಾಣುತ್ತದೆ. ಅದು ಸಾಧನದ ಜಾಣತನವಲ್ಲ, ಯುಟಿಎಫ್-8ರ ದುಂದು. ಹೋಲಿಸುವುದಾದರೆ ಮೂಲದ ಪ್ರತಿಶತ ಬಿಟ್ಟು, ಕುಗ್ಗಿದ ಒಟ್ಟು ಬಿಟ್‌ಗಳನ್ನು ಅಕ್ಷರ ಸಂಕೇತಗಳ ಸಂಖ್ಯೆಯಿಂದ ಭಾಗಿಸಿ ನೋಡಿ.

ಈ ದುಂದು ಜಿಜಿಪ್‌ಗೆ ಇನ್ನೊಂದು ರೀತಿಯಲ್ಲೂ ಕಾಡುತ್ತದೆ. ಅದು ಹಿಂದಕ್ಕೆ ನೋಡುವುದು 32 ಕೆಬಿ ಮಾತ್ರ. ಇಂಗ್ಲಿಷಿನಲ್ಲಿ ಅದು 32 ಸಾವಿರ ಅಕ್ಷರ. ಕನ್ನಡದಲ್ಲಿ 11 ಸಾವಿರ ಸಂಕೇತವೂ ಹಿಡಿಯುವುದಿಲ್ಲ. ಎಕ್ಸ್‌ಝಡ್, ಝಡ್‌ಸ್ಟ್ಯಾಂಡರ್ಡ್‌ಗಳ ಕಿಟಕಿ (ಹಿಂದಕ್ಕೆ ನೋಡುವ ದೂರ) ಮೆಗಾಬೈಟ್‌ಗಳಲ್ಲಿ ಇರುವುದರಿಂದ ಕನ್ನಡದವರು ಜಿಜಿಪ್ ಬಿಟ್ಟರೆ ಸಿಗುವ ಲಾಭ ದೊಡ್ಡದು. ಎಕ್ಸ್‌ಝಡ್‌ನಲ್ಲಿ ಪಿಬಿ ಎಂಬ ಆಯ್ಕೆಯನ್ನು 0ಗೆ, ಎಲ್‌ಸಿಯನ್ನು (ಹಿಂದಿನ ಬೈಟಿನ ಎಷ್ಟು ಬಿಟ್ ನೋಡಬೇಕೆಂಬ ಆಯ್ಕೆ) 4ಕ್ಕೆ ಇಟ್ಟು ಒಮ್ಮೆ ಪ್ರಯತ್ನಿಸಿ. ನಾವು ಬದಲಿಸದಿದ್ದರೆ ಪಿಬಿ ದತ್ತಾಂಶ ನಾಲ್ಕು ನಾಲ್ಕು ಬೈಟಿನ ಹೆಜ್ಜೆಯಲ್ಲಿದೆ ಎಂದು ಭಾವಿಸುತ್ತದೆ, ನಮ್ಮದು ಮೂರರ ಹೆಜ್ಜೆ.

ಕುಗ್ಗಿಸುವ ಮುನ್ನ ಪಠ್ಯವನ್ನು ಶುಚಿ ಮಾಡಿದರೆ ಸಿಗುವ ಲಾಭ ಕೆಲವೊಮ್ಮೆ ಸಾಧನ ಬದಲಿಸಿದ್ದಕ್ಕಿಂತ ಹೆಚ್ಚು. 'ೊ' ಒಂದೇ ಸಂಕೇತವಾಗಿಯೂ ಇರಬಹುದು, 'ೆ' ಮತ್ತು 'ೂ' ಎಂಬ ಎರಡು ಸಂಕೇತವಾಗಿಯೂ ಇರಬಹುದು. ಕಣ್ಣಿಗೆ ಎರಡೂ ಒಂದೇ. ಒಂದೇ ಕಡತದಲ್ಲಿ ಎರಡೂ ಬೆರೆತಿದ್ದರೆ ಹುಡುಕಾಟವೂ ತಪ್ಪುತ್ತದೆ, ಊಹೆಯೂ ತಪ್ಪುತ್ತದೆ. ಎಲ್ಲವನ್ನೂ ಎನ್‌ಎಫ್‌ಸಿ ಎಂಬ ರೂಪಕ್ಕೆ, ಅಂದರೆ ಒಂದೇ ಸಂಕೇತದ ರೂಪಕ್ಕೆ ತನ್ನಿ. ಆದರೆ ಅದನ್ನು ಸಂಪಾದನೆಯ ನಿರ್ಧಾರವೆಂದು ದಾಖಲಿಸಿ ಮಾಡಿ, ಮೂಲ ಪ್ರತಿಯನ್ನು ಹಾಗೇ ಉಳಿಸಿ. ಯುನಿಕೋಡ್‌ಗೂ ಮುಂಚಿನ ನುಡಿ, ಬರಹ ಫಾಂಟಿನ ಕಡತಗಳಿದ್ದರೆ ಮೊದಲು ಯುನಿಕೋಡ್‌ಗೆ ಪರಿವರ್ತಿಸಿ. ಭಾಷೆ ಕಲಿತ ಯಾವ ಮಾದರಿಗೂ ಆ ಹಳೆಯ ಬೈಟ್‌ಗಳು ಕನ್ನಡವಾಗಿ ಕಾಣುವುದಿಲ್ಲ.

ನಡುವಿನ ದಾರಿ: ಪಿಪಿಎಂಡಿ

ನ್ಯೂರಲ್ ಕಡೆಗೆ ಹಾರುವ ಮುನ್ನ ಇಲ್ಲಿ ನಿಲ್ಲಿ. 7-ಝಿಪ್ ತಂತ್ರಾಂಶದಲ್ಲಿ ವಿಧಾನ ಆರಿಸುವ ಪಟ್ಟಿಯಲ್ಲಿ ಪಿಪಿಎಂಡಿ ಎಂದಿರುತ್ತದೆ. ಬಹುತೇಕರು ಅದನ್ನು ಮುಟ್ಟಿಯೇ ಇರುವುದಿಲ್ಲ. ಹಿಂದಿನ ಕೆಲವು ಅಕ್ಷರ ನೋಡಿ ಮುಂದಿನದನ್ನು ಎಣಿಕೆಯಿಂದ ಊಹಿಸುವ, ನೆಟ್‌ವರ್ಕ್ ಇಲ್ಲದ ಸಾಧನ ಇದು. ಎನ್‌ವಿಕ್9ನ್ನು 18.4 ಕೋಟಿಗೆ ತಂದಿದೆ, ಕೆಲವೇ ನಿಮಿಷಗಳಲ್ಲಿ, 256 ಎಂಬಿ ಮೆಮೊರಿಯಲ್ಲಿ. ಮನೆಯಲ್ಲಿ, ಮನೆಯಿಂದ, ಮನೆಗಳಿಗೆ ಎಂದು ಪ್ರತ್ಯಯ ಜೋಡಿಸಿಕೊಳ್ಳುವ ಕನ್ನಡಕ್ಕೆ ಈ ಬಗೆಯ ಊಹೆ ಒಗ್ಗುತ್ತದೆ. ಒಂದು ಎಚ್ಚರಿಕೆ: 'ಆರ್ಡರ್' ಎಂಬ ಸಂಖ್ಯೆ ಬೈಟ್ ಲೆಕ್ಕದ್ದು. 6 ಎಂದು ಇಟ್ಟರೆ ಕನ್ನಡದಲ್ಲಿ ಅದು ಹಿಂದಿನ 2 ಸಂಕೇತ ಮಾತ್ರ. 16ರಿಂದ 24ರವರೆಗೆ ಪ್ರಯತ್ನಿಸಿ, ಮೆಮೊರಿಯನ್ನೂ ಜೊತೆಗೇ ಏರಿಸಿ. ಬಿಚ್ಚುವವರಿಗೆ ಅದೇ 7-ಝಿಪ್ ಸಾಕು, ಅಷ್ಟೇ ಮೆಮೊರಿ ಬೇಕು. ಶುದ್ಧ ಪಠ್ಯವನ್ನು ಎಕ್ಸ್‌ಝಡ್‌ಗಿಂತಲೂ ಚಿಕ್ಕದಾಗಿಸಬೇಕೆನ್ನುವ ಹೆಚ್ಚಿನವರಿಗೆ ಹುಡುಕಾಟ ಇಲ್ಲೇ ಮುಗಿಯಬೇಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಕಡತದಿಂದಲೇ ಕಲಿಯುವವರು: ಸಿಮಿಕ್ಸ್, ಎನ್‌ಎನ್‌ಸಿಪಿ

ಮ್ಯಾಟ್ ಮಹೋನಿ ಅವರ ಪಿಎಕ್ಯು ಸಾಧನಗಳಿಂದ ಬೆಳೆದ ಪರಂಪರೆಯಲ್ಲಿ ಬೈರನ್ ನಾಲ್ ಅವರ ಸಿಮಿಕ್ಸ್ ಬರುತ್ತದೆ. ನೂರಾರು ಚಿಕ್ಕ ಊಹೆಗಾರರ ಮಾತು ಕೇಳಿ, ಯಾರನ್ನು ಎಷ್ಟು ನಂಬಬೇಕೆಂದು ನೆಟ್‌ವರ್ಕ್ ಕಲಿಯುತ್ತಾ ಹೋಗುತ್ತದೆ. ಎಫ್‌ಎಫ್‌ಎಂಪೆಗ್, ಕ್ಯೂಇಎಂಯು ತಂತ್ರಾಂಶಗಳನ್ನು ಬರೆದ ಫ್ಯಾಬ್ರಿಸ್ ಬೆಲ್ಲಾರ್ ಅವರ ಎನ್‌ಎನ್‌ಸಿಪಿ ಟ್ರಾನ್ಸ್‌ಫಾರ್ಮರ್ ಎಂಬ ಬಗೆಯ ನೆಟ್‌ವರ್ಕನ್ನು ಕಡತದ ಮೇಲೆಯೇ ತರಬೇತಿಗೊಳಿಸುತ್ತದೆ. ಎರಡೂ ಎನ್‌ವಿಕ್9ನ್ನು 11 ಕೋಟಿಗಿಂತ ಕೆಳಕ್ಕೆ, 10.8 ಕೋಟಿಯ ಆಸುಪಾಸಿಗೆ ತಂದಿವೆ. ಮೊದಲೇ ತರಬೇತಿಗೊಂಡ ದೊಡ್ಡ ಮಾದರಿ ಯಾವುದನ್ನೂ ಕಡತದ ಜೊತೆ ಸಾಗಿಸಬೇಕಿಲ್ಲ ಎಂಬುದು ಇವುಗಳ ನಿಜವಾದ ಹೆಚ್ಚುಗಾರಿಕೆ: ಬಿಚ್ಚುವ ಯಂತ್ರವೂ ಮೊದಲಿನಿಂದ ಕಲಿಯುತ್ತಾ ಬರುತ್ತದೆ.

ಬೆಲೆ ಸಮಯ. ಸಿಮಿಕ್ಸ್‌ಗೆ 32 ಜಿಬಿ ಮೆಮೊರಿ ಇರಲೆಂದು ಬರೆದವರೇ ಹೇಳುತ್ತಾರೆ. ವೇಗ ಸೆಕೆಂಡಿಗೆ 1–2 ಕೆಬಿ. 1 ಜಿಬಿಗೆ ಸುಮಾರು ಒಂದು ವಾರ. ಎನ್‌ಎನ್‌ಸಿಪಿ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿನ ಮೇಲೂ ಎರಡು-ಮೂರು ದಿನ ತೆಗೆದುಕೊಳ್ಳುತ್ತದೆ. ಲೆಕ್ಕ ಹಾಕಿ: 150 ವ್ಯಾಟ್ ಎಳೆಯುವ ಯಂತ್ರ ವಾರವಿಡೀ ಓಡಿದರೆ 25 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿದರೆ 175 ರೂಪಾಯಿ. ಎಕ್ಸ್‌ಝಡ್‌ಗಿಂತ ಉಳಿದದ್ದು ಸುಮಾರು 10 ಕೋಟಿ ಬೈಟ್, ಅಂದರೆ 100 ಎಂಬಿ. 4 ಟಿಬಿ ಡಿಸ್ಕಿಗೆ 10,000 ರೂಪಾಯಿ ಎಂದುಕೊಂಡರೆ ಆ 100 ಎಂಬಿಯ ಬೆಲೆ 25 ಪೈಸೆ. ಬಿಚ್ಚಲು ಮತ್ತೆ 175 ರೂಪಾಯಿ.

ಸಿಮಿಕ್ಸ್ ಜೊತೆಗೆ ಬರುವ ಪದಪಟ್ಟಿ ಇಂಗ್ಲಿಷಿನದು ಎಂಬುದನ್ನೂ ಮರೆಯಬೇಡಿ. ಎನ್‌ವಿಕ್9ನ ಫಲಿತಾಂಶಕ್ಕೆ ಅದರ ನೆರವಿದೆ, ಕನ್ನಡಕ್ಕೆ ಇಲ್ಲ. ಎನ್‌ಎನ್‌ಸಿಪಿ ನಿಂತಿರುವ ಲಿಬ್‌ಎನ್‌ಸಿ ಎಂಬ ಲೈಬ್ರರಿ ಮೂಲ ಸಂಕೇತವಿಲ್ಲದೆ ಬೈನರಿಯಾಗಿ ಬಂದದ್ದು. ಇಪ್ಪತ್ತು ವರ್ಷದ ಮೇಲೆ ಆ ಬೈನರಿ ಓಡುವ ಯಂತ್ರ ಸಿಗಬೇಕೆಂದರೆ ಅದನ್ನೂ ನೀವೇ ಕಾಪಾಡಬೇಕು. ಹಾಗಾದರೆ ಇವು ಯಾರಿಗೆ? ಎನ್‌ವಿಕ್9ನ್ನು ಹೆಚ್ಚು ಕುಗ್ಗಿಸಿದವರಿಗೆ ಕೊಡುವ ಹಟ್ಟರ್ ಪ್ರಶಸ್ತಿಯಂಥ ಸ್ಪರ್ಧೆಗೆ, ಸಂಶೋಧನೆಗೆ, ಪಠ್ಯದಲ್ಲಿ ನಿಜಕ್ಕೂ ಎಷ್ಟು ಮಾಹಿತಿ ಇದೆ ಎಂದು ಅಳೆಯಬೇಕಾದವರಿಗೆ. ಆ ಪ್ರಶಸ್ತಿಯ ನಿಯಮ ಪ್ರಾಮಾಣಿಕವಾದದ್ದು: ಒಂದೇ ಸಿಪಿಯು ಕೋರ್, 10 ಜಿಬಿಗಿಂತ ಕಡಿಮೆ ಮೆಮೊರಿ, ಸುಮಾರು 50 ಗಂಟೆ, ಮತ್ತು ಬಿಚ್ಚುವ ತಂತ್ರಾಂಶದ ಗಾತ್ರವೂ ಲೆಕ್ಕಕ್ಕೆ. 2024ರಲ್ಲಿ ಗೆದ್ದ ಕೈಡೊ ಒರಾವ್ ಮತ್ತು ಬೈರನ್ ನಾಲ್ ಅವರ ಮೊತ್ತ 11.08 ಕೋಟಿ ಬೈಟ್.

ಮೊದಲೇ ಓದಿಕೊಂಡು ಬಂದವರು: ಭಾಷಾ ಮಾದರಿಗಳು

ಬೆಲ್ಲಾರ್ ಅವರದೇ ಟಿಎಸ್‌ಝಿಪ್ 16.9 ಕೋಟಿ ನಿಯತಾಂಕಗಳ (ತರಬೇತಿಯಲ್ಲಿ ಕಲಿತ ಸಂಖ್ಯೆಗಳ) ಭಾಷಾ ಮಾದರಿಯನ್ನು ಊಹೆಗೆ ಬಳಸುತ್ತದೆ. ಎನ್‌ವಿಕ್9 ಸುಮಾರು 13.5 ಕೋಟಿಗೆ ಇಳಿಯುತ್ತದೆ. ದುಬಾರಿ ಆರ್‌ಟಿಎಕ್ಸ್ 4090 ಕಾರ್ಡಿನಲ್ಲಿ ಸೆಕೆಂಡಿಗೆ 1 ಎಂಬಿವರೆಗೆ ವೇಗ. ಸಿಮಿಕ್ಸ್‌ಗೆ ಹೋಲಿಸಿದರೆ ಇದು ಮಿಂಚು. ಬೇರೆ ಬೇರೆ ಯಂತ್ರಗಳಲ್ಲೂ ಒಂದೇ ಉತ್ತರ ಬರುವಂತೆ ಲೆಕ್ಕವನ್ನು ನಿಗದಿಪಡಿಸಿರುವುದೂ ಮೆಚ್ಚಬೇಕಾದದ್ದು.

ಆದರೆ ಮಾದರಿಯೇ ಸುಮಾರು 17 ಕೋಟಿ ಬೈಟ್, ನಿಯತಾಂಕಕ್ಕೆ 1 ಬೈಟಿನಂತೆ. ಎಕ್ಸ್‌ಝಡ್‌ಗಿಂತ 100 ಕೋಟಿಗೆ 7.8 ಕೋಟಿ ಉಳಿಯುತ್ತದೆ ಎಂದರೆ, ಮಾದರಿಯ ಭಾರ ತೀರಲು 2 ಜಿಬಿಗೂ ಹೆಚ್ಚು ಇಂಗ್ಲಿಷ್ ಪಠ್ಯ ಬೇಕು. ಆವೃತ್ತಿ ಬದಲಾದರೆ ಹಳೆಯ ಕಡತ ಬಿಚ್ಚಿಕೊಳ್ಳುತ್ತದೆಂಬ ಭರವಸೆಯನ್ನು ಸಾಧನ ಕೊಡುವುದಿಲ್ಲ. ಪ್ರಾಯೋಗಿಕ ಎಂದೇ ಹೇಳಿಕೊಂಡಿದೆ. ಮಾದರಿ ಕಲಿತದ್ದು ಬಹುಪಾಲು ಇಂಗ್ಲಿಷ್. ಇಂಗ್ಲಿಷ್ ಪದವೊಂದು ಒಂದೋ ಎರಡೋ ತುಣುಕಾದರೆ ಕನ್ನಡ ಪದ ಬೈಟ್ ಬೈಟಾಗಿ ಒಡೆದು ಹತ್ತಾರು ತುಣುಕಾಗುತ್ತದೆ. ಪ್ರತಿ ತುಣುಕಿಗೂ ನೆಟ್‌ವರ್ಕ್ ಒಂದು ಸಲ ಓಡಬೇಕು, ಹೀಗಾಗಿ ವೇಗವೂ ಬೀಳುತ್ತದೆ, ಊಹೆಯೂ ಮಂಕಾಗುತ್ತದೆ. ಕನ್ನಡಕ್ಕೆ ಇದನ್ನು ಪ್ರಯೋಗಕ್ಕೆ ಬಳಸಿ, ಸಂಗ್ರಹಕ್ಕೆ ಬೇಡ.

2023ರಲ್ಲಿ ಡೀಪ್‌ಮೈಂಡ್ ಸಂಶೋಧಕರು 7,000 ಕೋಟಿ ನಿಯತಾಂಕಗಳ ಚಿಂಚಿಲ್ಲಾ ಎಂಬ ಪಠ್ಯ ಮಾದರಿ ಚಿತ್ರದ ತುಣುಕುಗಳನ್ನು ಪಿಎನ್‌ಜಿಗಿಂತಲೂ ಧ್ವನಿಯನ್ನು ಫ್ಲ್ಯಾಕ್‌ಗಿಂತಲೂ (ಎರಡೂ ನಷ್ಟವಿಲ್ಲದೆ ಕುಗ್ಗಿಸುವ ರೂಪಗಳು) ಚೆನ್ನಾಗಿ ಕುಗ್ಗಿಸಿತು ಎಂದು ತೋರಿಸಿದರು. ಸೋಜಿಗದ ಫಲಿತಾಂಶವೇ. ಆದರೆ ನಿಯತಾಂಕಕ್ಕೆ 2 ಬೈಟ್ ಎಂದರೂ ಆ ಮಾದರಿ 140 ಜಿಬಿ. ಅದನ್ನು ಸೇರಿಸಿದರೆ ನಿಮ್ಮ 1 ಜಿಬಿ ಕಡತ ಕುಗ್ಗುವುದಿರಲಿ, ನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ.

ಚಿತ್ರ, ಧ್ವನಿ: ಇಲ್ಲಿ ಹೆಚ್ಚು ಎಚ್ಚರ

ಪಠ್ಯಕ್ಕೆ ಹೇಳಿದ್ದೆಲ್ಲ ನಷ್ಟವಿಲ್ಲದ ವಿಧಾನ. ಚಿತ್ರ ಮತ್ತು ಧ್ವನಿಗೆ ಬರುವ ನ್ಯೂರಲ್ ವಿಧಾನಗಳು ಸಾಮಾನ್ಯವಾಗಿ ಮೂಲವನ್ನು ಮರಳಿಸುವುದಿಲ್ಲ, ಮೂಲದಂತಿರುವುದನ್ನು ಮತ್ತೆ ಚಿತ್ರಿಸುತ್ತವೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಒಂದು ಬಗೆಯ ಜೆರಾಕ್ಸ್ ಸ್ಕ್ಯಾನರ್‌ಗಳು ಪುಟದಲ್ಲಿದ್ದ 6ನ್ನು 8 ಮಾಡುತ್ತಿವೆ ಎಂದು ಬಯಲಿಗೆ ತಂದರು. ಒಂದೇ ಥರ ಕಾಣುವ ಆಕಾರಗಳನ್ನು ಒಂದೇ ಎಂದುಕೊಂಡು ಕುಗ್ಗಿಸುವ ವಿಧಾನ ಅದಕ್ಕೆ ಕಾರಣ, ನೆಟ್‌ವರ್ಕ್ ಇರಲಿಲ್ಲ. ಅಂಕಿ ಮಸುಕಾಗಿರಲಿಲ್ಲ, ಸ್ಫುಟವಾಗಿ ತಪ್ಪಾಗಿತ್ತು. ಕಡಿಮೆ ಬಿಟ್‌ಗಳಲ್ಲಿ ನ್ಯೂರಲ್ ಚಿತ್ರ ಸಂಕೋಚನಕ್ಕೂ ಇದೇ ಅಪಾಯ. ದ ಮತ್ತು ಧ ನಡುವಿನ ವ್ಯತ್ಯಾಸ ಒಂದು ಸಣ್ಣ ಸೀಳು. ಪ, ಫ, ಷ, ವ ಎಲ್ಲ ಒಂದೇ ಮನೆಯವು. ಹಳೆಯ ಮುದ್ರಣದ ಪುಟಕ್ಕೆ ನಷ್ಟವಿಲ್ಲದ ರೂಪವೇ ಸರಿ. ಈಗಾಗಲೇ ಜೆಪೆಗ್ ಆಗಿರುವ ಸ್ಕ್ಯಾನ್‌ಗಳನ್ನು ಎಕ್ಸ್‌ಝಡ್ ಮಾಡಿ ಪ್ರಯೋಜನವಿಲ್ಲ. ಜೆಪೆಗ್ ಎಕ್ಸ್‌ಎಲ್‌ಗೆ ನಷ್ಟವಿಲ್ಲದೆ ಮರುಕಟ್ಟಿದರೆ ಸುಮಾರು 20 ಪ್ರತಿಶತ ಉಳಿಯುತ್ತದೆ, ಬೇಕೆಂದಾಗ ಹಳೆಯ ಜೆಪೆಗ್ ಬಿಟ್ ಬಿಟ್ಟೂ ಮರಳಿ ಬರುತ್ತದೆ.

ಧ್ವನಿಯ ಲೆಕ್ಕ: 48 ಕಿಲೋಹರ್ಟ್ಸ್, 16 ಬಿಟ್, ಒಂದೇ ಚಾನೆಲ್‌ನ ಒಂದು ಗಂಟೆ 345 ಎಂಬಿ. ಧ್ವನಿ ಕುಗ್ಗಿಸುವ ಸಾಮಾನ್ಯ ವಿಧಾನ (ಕೋಡೆಕ್) ಓಪಸ್‌ನಲ್ಲಿ ಸೆಕೆಂಡಿಗೆ 24 ಕಿಲೋಬಿಟ್‌ಗೆ 10.8 ಎಂಬಿ. ಮೆಟಾ 2022ರಲ್ಲಿ ಹೊರತಂದ ಎನ್‌ಕೋಡೆಕ್ ಎಂಬ ನ್ಯೂರಲ್ ಕೋಡೆಕ್‌ನಲ್ಲಿ 6 ಕಿಲೋಬಿಟ್‌ಗೆ 2.7 ಎಂಬಿ. ಮಾತು ಅರ್ಥವಾದರೆ ಸಾಕು ಎಂಬಲ್ಲಿ ಕೊನೆಯದು ಆಕರ್ಷಕ. ಆದರೆ ಆಡುಮಾತಿನ ದಾಖಲೆಯಲ್ಲಿ ನಮಗೆ ಬೇಕಾದದ್ದೇ ಲ-ಳ, ನ-ಣಗಳ ನಾಲಿಗೆಯ ತಿರುವು. ಬೇರೆ ಭಾಷೆಗಳ ಧ್ವನಿ ಕೇಳಿ ಕಲಿತ ಮಾದರಿ ಅದನ್ನು ತನಗೆ ಗೊತ್ತಿರುವ ಧ್ವನಿಗೆ ಒಗ್ಗಿಸಿಬಿಡಬಹುದು. ಮೂಲವನ್ನು ಫ್ಲ್ಯಾಕ್‌ನಲ್ಲಿ ಇಡಿ, ಹಂಚಲು ಓಪಸ್ ಬಳಸಿ.

ಆಯ್ಕೆ ಮಾಡುವಾಗ

ಎಲ್ಲರೂ ಇಳಿಸಿಕೊಳ್ಳುವ ಪಠ್ಯಕೋಶಕ್ಕೆ ಝಡ್‌ಸ್ಟ್ಯಾಂಡರ್ಡ್ 19ನೇ ಮಟ್ಟ, ಲಾಂಗ್ 27. ಮೆಮೊರಿ ಕಡಿಮೆ ಇರುವ ಶಾಲಾ ಕಂಪ್ಯೂಟರುಗಳಿಗೂ ಹೋಗಬೇಕಿದ್ದರೆ ಎಕ್ಸ್‌ಝಡ್ 6. ಜಾಲಪುಟಕ್ಕೆ ಬ್ರಾಟ್ಲಿ, ಬ್ರೌಸರುಗಳೇ ಅದನ್ನು ಬಲ್ಲವು. ಅಪರೂಪಕ್ಕೆ ತೆರೆಯುವ ಶುದ್ಧ ಪಠ್ಯದ ಬ್ಯಾಕಪ್‌ಗೆ, ಪೆನ್‌ಡ್ರೈವಿನಲ್ಲಿ ಜಾಗವೇ ಇಲ್ಲವೆಂಬ ಬಿಗಿಯಲ್ಲಿದ್ದರೆ, ಪಿಪಿಎಂಡಿ. ಗ್ರಾಫಿಕ್ಸ್ ಕಾರ್ಡ್ ಇದೆ, ಹತ್ತಾರು ಜಿಬಿ ಇಂಗ್ಲಿಷ್ ಪಠ್ಯವಿದೆ, ಎರಡೂ ತುದಿಯ ಯಂತ್ರ ನಿಮ್ಮದೇ, ನಡುವಿನ ಸಂಪರ್ಕ ಬಹಳ ನಿಧಾನ ಎಂಬಂಥ ಅಪರೂಪದ ಸಂದರ್ಭದಲ್ಲಿ ಟಿಎಸ್‌ಝಿಪ್ ತೂಗುತ್ತದೆ.

ಅನುಮಾನವಿದ್ದರೆ ಅರ್ಧ ದಿನದಲ್ಲಿ ಪರೀಕ್ಷಿಸಬಹುದು. ನಿಮ್ಮ ಸಂಗ್ರಹದ ಬೇರೆ ಬೇರೆ ಕಡೆಯಿಂದ ಒಟ್ಟು 10 ಎಂಬಿ ಪಠ್ಯ ತೆಗೆಯಿರಿ. ಒಂದೇ ಪುಸ್ತಕದಿಂದ ತೆಗೆದರೆ ಫಲಿತಾಂಶ ಮೋಸ ಮಾಡುತ್ತದೆ. ಸಿಮಿಕ್ಸ್‌ಗೆ 1 ಎಂಬಿ ಮಾತ್ರ ಕೊಡಿ, ಅದಕ್ಕೇ ಹತ್ತು-ಹದಿನೈದು ನಿಮಿಷ ಹಿಡಿಯುತ್ತದೆ. ಹೋಲಿಸುವಾಗ ಉಳಿದವಕ್ಕೂ ಅದೇ 1 ಎಂಬಿ ಕೊಡಿ. ಪ್ರತಿಯೊಂದಕ್ಕೂ ಕುಗ್ಗಿದ ಗಾತ್ರ, ಕುಗ್ಗಿಸಿದ ಸಮಯ, ಬಿಚ್ಚಿದ ಸಮಯ, ಬಳಸಿದ ಗರಿಷ್ಠ ಮೆಮೊರಿ ಬರೆದುಕೊಳ್ಳಿ. ಬಿಚ್ಚುವುದನ್ನು ಕುಗ್ಗಿಸಿದ ಯಂತ್ರದಲ್ಲಿ ಮಾಡಬೇಡಿ, ಬೇರೆ ಯಂತ್ರದಲ್ಲಿ ಮಾಡಿ ಮೂಲದ ಶಾ-256 ಮೊತ್ತದೊಂದಿಗೆ (ಕಡತದ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಿ. ದೊಡ್ಡ ಸಂಗ್ರಹವನ್ನು 100 ಎಂಬಿಯ ತುಂಡುಗಳಾಗಿ ಒಡೆದು ಒಂದೊಂದನ್ನೂ ಪ್ರತ್ಯೇಕವಾಗಿ ಕುಗ್ಗಿಸಿದರೆ ಒಂದು ಬೈಟ್ ಕೆಟ್ಟಾಗ ಒಂದೇ ತುಂಡು ಹೋಗುತ್ತದೆ. ಕಡತದಿಂದಲೇ ಕಲಿಯುವ ಸಾಧನಗಳಿಗೆ ಮಾತ್ರ ಇದು ನಷ್ಟ, ಪ್ರತಿ ತುಂಡಿನಲ್ಲೂ ಮೊದಲಿನಿಂದ ಕಲಿಯಬೇಕಾಗುತ್ತದೆ. ಕೊನೆಗೆ ಅದೇ ಫೋಲ್ಡರಿನಲ್ಲಿ ಕುಗ್ಗಿಸದ ಒಂದು ಪುಟ್ಟ ಪಠ್ಯ ಕಡತ ಇಡಿ: ಸಾಧನದ ಹೆಸರು, ಆವೃತ್ತಿ, ಕೊಟ್ಟ ಆಯ್ಕೆಗಳು, ಶಾ-256 ಮೊತ್ತಗಳು, ಬಿಚ್ಚಲು ಬೇಕಾದ ಮೆಮೊರಿ. ಅದರ ಪಕ್ಕದಲ್ಲೇ ಆ ಸಾಧನದ ಮೂಲ ಸಂಕೇತದ ಪ್ರತಿಯೂ ಇರಲಿ.